ಅಕೂಸ್ಟಿಕ್ಸ್ ಇಂಗ್ಲಿಷಿನ ಉದ್ದುದ್ದ ಪದಸರಗಳು: ನೀವು ಹೇಗೆ ಬಿಡಿಸಿ ಓದುತ್ತೀರಿ?

ಹೊಸಕಿವಿ:
ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಓದಿ ಈಗ ಅಕೂಸ್ಟಿಕ್ಸ್, ಅಂದರೆ ಸದ್ದಿನ ವಿಜ್ಞಾನದ, ಕಡೆಗೆ ಬಂದಿದ್ದೇನೆ. ಗಣಿತ ಕಷ್ಟವಾಗುತ್ತಿಲ್ಲ, ಇಂಗ್ಲಿಷ್ ಓದುವುದೂ ಸಾಮಾನ್ಯವಾಗಿ ಕಷ್ಟವಲ್ಲ. ಆದರೆ ಈ ವಿಷಯದ ಯಾವ ಪುಸ್ತಕ, ಯಾವ ಟೆಸ್ಟ್ ರಿಪೋರ್ಟ್ ತೆಗೆದರೂ ನಾಲ್ಕೈದು ಪದಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತಿರುತ್ತವೆ. ನಡುವೆ ಒಂದು 'ಆಫ್' ಇಲ್ಲ, ಒಂದು 'ಫಾರ್' ಇಲ್ಲ. 'ಎ-ವೇಟೆಡ್ ಈಕ್ವಿವಲೆಂಟ್ ಕಂಟಿನ್ಯುಯಸ್ ಸೌಂಡ್ ಪ್ರೆಶರ್ ಲೆವೆಲ್' ಅಂತ ಇದೆ ಅಂದುಕೊಳ್ಳಿ. ಬಿಡಿಬಿಡಿಯಾಗಿ ಎಲ್ಲ ಪದವೂ ಗೊತ್ತು. ಸೇರಿಸಿ ಓದಿದರೆ ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಅನ್ನುವುದೇ ತಿಳಿಯುವುದಿಲ್ಲ.

ಓದುವಾಗ ಎಲ್ಲಿಂದ ಶುರು ಮಾಡಬೇಕು? ಬರೆಯುವಾಗ ಎಷ್ಟು ಪದ ಜೋಡಿಸಬಹುದು? ಹೈಫನ್ ಎಲ್ಲಿ ಹಾಕಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

ಪಾಠದಮನೆ:
ಒಳ್ಳೆಯ ಪ್ರಶ್ನೆ. ಉತ್ತರದ ಅರ್ಧ ಭಾಗ ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲೇ ಇದೆ. ಸಮಾಸ ಬಿಡಿಸಿ ವಿಗ್ರಹವಾಕ್ಯ ಬರೆಯುತ್ತಿದ್ದೆವಲ್ಲ, ಅದೇ ಕೆಲಸ ಇಲ್ಲೂ ಮಾಡಿ.

ಮೊದಲು ಬಲತುದಿಯ ಪದ ಹಿಡಿಯಿರಿ. ಅದೇ ಯಜಮಾನ. 'ಸೌಂಡ್ ಲೆವೆಲ್ ಮೀಟರ್' ಒಂದು ಮೀಟರ್. ಯಾವುದರ ಮೀಟರ್? ಲೆವೆಲ್‌ನದು. ಯಾವುದರ ಲೆವೆಲ್? ಸೌಂಡಿನದು. ಕನ್ನಡದಲ್ಲೂ ಮುಖ್ಯಪದ ಕೊನೆಗೇ ಬರುತ್ತದೆ, 'ಮರದ ಬಾಗಿಲು' ಅಂದರೆ ಅದು ಬಾಗಿಲೇ ತಾನೇ. ಹಾಗಾಗಿ ಪದಗಳ ಕ್ರಮ ನಮಗೆ ಹೊಸದಲ್ಲ. ನಾವು 'ಮರದ' ಅಂತ ಪ್ರತ್ಯಯ ಹಚ್ಚಿ ಸಂಬಂಧ ತೋರಿಸುತ್ತೇವೆ, ಇಂಗ್ಲಿಷ್ ಅದನ್ನು ಬಿಟ್ಟುಬಿಡುತ್ತದೆ. ತೊಂದರೆ ಕೊಡುವುದು ಅಷ್ಟೇ. ಬಿಟ್ಟುಹೋದ ವಿಭಕ್ತಿಯನ್ನು ನೀವೇ ವಾಪಸ್ ಹಾಕಬೇಕು.

'ನಾಯ್ಸ್' ಒಂದೇ ಪದ ಇಟ್ಟುಕೊಂಡು ನೋಡಿ. 'ನಾಯ್ಸ್ ಲೆವೆಲ್' ಅಂದರೆ ಗದ್ದಲದ ಮಟ್ಟ, ಇದು ಷಷ್ಠಿ. 'ನಾಯ್ಸ್ ಕಂಟ್ರೋಲ್' ಅಂದರೆ ಗದ್ದಲವನ್ನು ಹತೋಟಿಯಲ್ಲಿಡುವುದು, ದ್ವಿತೀಯಾ. 'ನಾಯ್ಸ್ ಎಕ್ಸ್‌ಪೋಶರ್' ಗದ್ದಲಕ್ಕೆ ಮೈಯೊಡ್ಡುವುದು, ಚತುರ್ಥಿ. 'ನಾಯ್ಸ್ ಬ್ಯಾರಿಯರ್' ಕೂಡ ಚತುರ್ಥಿಯೇ, ಆದರೆ ಇಲ್ಲಿ ಗದ್ದಲಕ್ಕೆ ಅಡ್ಡ ನಿಲ್ಲುವ ಗೋಡೆ. ಈಗ ನಾಯ್ಸ್ ಅನ್ನು ಕೊನೆಗೆ ತನ್ನಿ. 'ಟ್ರಾಫಿಕ್ ನಾಯ್ಸ್' ವಾಹನಗಳಿಂದ ಹುಟ್ಟುವ ಗದ್ದಲ, 'ಕ್ಯಾಬಿನ್ ನಾಯ್ಸ್' ಕ್ಯಾಬಿನ್ನಿನಲ್ಲಿ ಕೇಳಿಸುವ ಗದ್ದಲ. ಇಂಗ್ಲಿಷಿನಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಕನ್ನಡಕ್ಕೆ ಬಿಡಿಸಿದ ಕೂಡಲೇ ಒಂದೊಂದೂ ಬೇರೆ ಬೇರೆ ಅಂತ ಗೊತ್ತಾಗುತ್ತದೆ.

ಅಳತೆಗೋಲು:
ಪಾಠದಮನೆಯವರ ದಾರಿ ಸರಿ, ಆದರೆ ಅದೊಂದೇ ಸಾಲದು. ವಿಭಕ್ತಿ ಹಾಕಬಹುದು, ಯಾವ ವಿಭಕ್ತಿ ಅಂತ ಯಾರು ಹೇಳಬೇಕು? ಅದನ್ನು ಭೌತಶಾಸ್ತ್ರವೇ ಹೇಳಬೇಕು.

ಐಎಸ್ಒ 3741 ಅನ್ನುವ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡಿನ ಹೆಸರಿನಲ್ಲಿ 'ರಿವರ್ಬರೇಶನ್ ಟೆಸ್ಟ್ ರೂಮ್ಸ್' ಅಂತ ಬರುತ್ತದೆ. ರಿವರ್ಬರೇಶನ್ ಅಂದರೆ ಮೂಲ ನಿಂತ ಮೇಲೂ ಕೋಣೆಯಲ್ಲಿ ಸದ್ದು ಸ್ವಲ್ಪ ಹೊತ್ತು ಮೊಳಗುತ್ತಾ ಉಳಿಯುವುದು. ವ್ಯಾಕರಣ ಮಾತ್ರ ನೋಡಿದರೆ ಎರಡು ಥರ ಬಿಡಿಸಬಹುದು. ರಿವರ್ಬರೇಶನ್ ಅನ್ನು ಟೆಸ್ಟ್ ಮಾಡುವ ಕೋಣೆ, ಅಥವಾ ರಿವರ್ಬರೇಶನ್ ಜಾಸ್ತಿ ಇರುವ ಟೆಸ್ಟ್ ಕೋಣೆ. ಎರಡನೆಯದೇ ಸರಿ. ಅಲ್ಲಿ ಯಂತ್ರವನ್ನು ಇಟ್ಟು ಅದು ಹೊರಹಾಕುವ ಸೌಂಡ್ ಪವರ್ ಎಷ್ಟು ಅಂತ ಕಂಡುಹಿಡಿಯುತ್ತಾರೆ. ಗೋಡೆಗಳು ಗಟ್ಟಿಯಾಗಿದ್ದು ಸದ್ದು ಎಲ್ಲ ಕಡೆಯಿಂದ ಮರಳಿ ಮರಳಿ ಬಂದು ಕೋಣೆಯಲ್ಲಿ ಹೆಚ್ಚುಕಡಿಮೆ ಸಮನಾಗಿ ಹರಡಲಿ ಅಂತ ಅಂಥ ಕೋಣೆ ಬೇಕು. ಈ ಕೆಲಸ ಗೊತ್ತಿದ್ದರೆ ಪದಸರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಗೊತ್ತಿಲ್ಲದಿದ್ದರೆ ಯಾವ ವ್ಯಾಕರಣವೂ ಕಾಪಾಡುವುದಿಲ್ಲ.

'ಫ್ರೀ-ಫೀಲ್ಡ್ ಮೈಕ್ರೊಫೋನ್' ಇನ್ನೊಂದು. ಫ್ರೀ ಅನ್ನುವುದು ಫೀಲ್ಡಿಗೆ ಅಂಟಿದೆ, ಮೈಕ್ರೊಫೋನಿಗಲ್ಲ. ಪ್ರತಿಫಲನ ಇಲ್ಲದ ಜಾಗದಲ್ಲಿ ಎದುರಿನಿಂದ ಬರುವ ಸದ್ದನ್ನು ಸರಿಯಾಗಿ ಅಳೆಯುವಂತೆ ಹೊಂದಿಸಿದ ಮೈಕ್ ಅದು.

ನಿಮ್ಮ ಎ-ವೇಟೆಡ್ ಸರದ ಬಗ್ಗೆ. ಕೊನೆಯ ಮೂರು ಪದ, ಸೌಂಡ್ ಪ್ರೆಶರ್ ಲೆವೆಲ್, ಒಂದೇ ಗಂಟು. ಗಾಳಿಯಲ್ಲಾದರೆ 20 ಮೈಕ್ರೊಪಾಸ್ಕಲ್‌ಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳುವ ಒತ್ತಡದ ಮಟ್ಟ. 'ಈಕ್ವಿವಲೆಂಟ್ ಕಂಟಿನ್ಯುಯಸ್' ಆ ಇಡೀ ಗಂಟಿಗೆ ಸೇರುತ್ತದೆ. ನಿಜವಾದ ಸದ್ದು ಏರಿಳಿಯುತ್ತಿರುತ್ತದೆ, ಅಷ್ಟೇ ಹೊತ್ತಿನಲ್ಲಿ ಅಷ್ಟೇ ಶಕ್ತಿ ತರುವ ಒಂದೇ ಸಮನೆಯ ಸದ್ದು ಇದ್ದಿದ್ದರೆ ಅದರ ಮಟ್ಟ ಎಷ್ಟಿರುತ್ತಿತ್ತು ಅನ್ನುವುದು ಆ ಅಂಕಿ. 'ಎ-ವೇಟೆಡ್' ಅಂದರೆ ಕಿವಿಗೆ ಕಡಿಮೆ ಕೇಳುವ ತಗ್ಗು ಫ್ರೀಕ್ವೆನ್ಸಿಗಳ ಪಾಲು ತಗ್ಗಿಸುವ ಫಿಲ್ಟರ್ ಹಾಕಿದ ಮೇಲೆ ಅಳೆದದ್ದು.

ಈ ಗಂಟಿನ ನಡುವಿನ ಪದವನ್ನು ಮಾತ್ರ ಯಾವತ್ತೂ ನುಂಗಬೇಡಿ. ಸೌಂಡ್ ಪ್ರೆಶರ್ ಲೆವೆಲ್ ಬೇರೆ, ಸೌಂಡ್ ಪವರ್ ಲೆವೆಲ್ ಬೇರೆ. ಪವರ್ ಯಂತ್ರದ ಗುಣ, ಅದಕ್ಕೆ ಹೋಲಿಕೆಯ ಅಳತೆ 1 ಪಿಕೊವಾಟ್. ಪ್ರೆಶರ್ ನೀವು ನಿಂತ ಜಾಗದ ಗುಣ. ಬಯಲಿನಲ್ಲಿ ಗಟ್ಟಿ ನೆಲದ ಮೇಲೆ ಒಂದು ಚಿಕ್ಕ ಯಂತ್ರ ಇದೆ, ಅದರ ಪವರ್ ಲೆವೆಲ್ 90 ಡೆಸಿಬೆಲ್ ಅಂತ ಇಟ್ಟುಕೊಳ್ಳಿ. 10 ಮೀಟರ್ ದೂರದಲ್ಲಿ ಪ್ರೆಶರ್ ಲೆವೆಲ್ ಸುಮಾರು 62 ಆಗುತ್ತದೆ. ರಿಪೋರ್ಟಿನಲ್ಲಿ ಸುಮ್ನೆ 'ಸೌಂಡ್ ಲೆವೆಲ್ 90' ಅಂತ ಬರೆದು ಬಿಟ್ಟರೆ ಓದುವವರು 28 ಡೆಸಿಬೆಲ್ ಅಂತರದಲ್ಲಿ ದಾರಿ ತಪ್ಪಬಹುದು.

ಹೊಸಕಿವಿ:
ತುಂಬಾ ಧನ್ಯವಾದ, ಇಬ್ಬರಿಗೂ. ಈಗ ಇನ್ನೊಂದು ಗೊಂದಲ. 'ಟ್ರಾನ್ಸ್‌ಮಿಶನ್ ಲಾಸ್', 'ಇನ್ಸರ್ಶನ್ ಲಾಸ್', 'ಹಿಯರಿಂಗ್ ಲಾಸ್'. ಮೂರರಲ್ಲೂ ಲಾಸ್ ಯಜಮಾನ. ಹಿಯರಿಂಗ್ ಲಾಸ್‌ನಲ್ಲಿ ಕೇಳುವ ಶಕ್ತಿ ಕಳೆದುಹೋಗುತ್ತದೆ, ಸರಿ. ಹಾಗಾದರೆ ಇನ್ಸರ್ಶನ್ ಲಾಸ್‌ನಲ್ಲಿ ಇನ್ಸರ್ಶನ್ ಕಳೆದುಹೋಗುತ್ತದಾ?

ಅಲೆಗಾರ:
ಇಲ್ಲ, ಮೂರಕ್ಕೂ ಬೇರೆ ಬೇರೆ ವಿಭಕ್ತಿ. ಹಿಯರಿಂಗ್ ಲಾಸ್‌ನಲ್ಲಿ ಕಳೆದುಹೋಗುವುದೇ ಹಿಯರಿಂಗ್. ಟ್ರಾನ್ಸ್‌ಮಿಶನ್ ಲಾಸ್‌ನಲ್ಲಿ ಕಳೆಯುವುದು ಸದ್ದಿನ ಶಕ್ತಿ, ಗೋಡೆ ದಾಟಿ ಸಾಗುವುದರಲ್ಲಿ ಕಳೆಯುತ್ತದೆ, ಅಂದರೆ ಸಪ್ತಮಿ. ಗೋಡೆಗೆ ಬಂದು ಬಡಿದ ಶಕ್ತಿಗೂ ಆಚೆ ದಾಟಿದ ಶಕ್ತಿಗೂ ಇರುವ ಅನುಪಾತವನ್ನು ಡೆಸಿಬೆಲ್‌ನಲ್ಲಿ ಹೇಳಿದರೆ ಅದೇ ಟ್ರಾನ್ಸ್‌ಮಿಶನ್ ಲಾಸ್. ಇನ್ಸರ್ಶನ್ ಲಾಸ್‌ನಲ್ಲಿ ಏನೋ ಒಂದನ್ನು ನಡುವೆ ಕೂರಿಸುವುದರಿಂದ ಆದ ಇಳಿಕೆ, ತೃತೀಯಾ. ಡಕ್ಟಿನಲ್ಲಿ ಸೈಲೆನ್ಸರ್ ಇಲ್ಲದಾಗ ಒಮ್ಮೆ ಅಳೆಯಿರಿ, ಹಾಕಿದ ಮೇಲೆ ಅದೇ ಜಾಗದಲ್ಲಿ ಇನ್ನೊಮ್ಮೆ ಅಳೆಯಿರಿ, ಆ ಎರಡರ ವ್ಯತ್ಯಾಸ.

ಬಲತುದಿಯ ಪದಕ್ಕೆ ಇನ್ನೊಂದು ಉಪಯೋಗ ಇದೆ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅಂಕಿ ದೊಡ್ಡದಿದ್ದರೆ ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನು ಹೇಳುವುದು ಬಹಳ ಸಲ ಅದೇ. 'ವೇಟೆಡ್ ಸೌಂಡ್ ರಿಡಕ್ಷನ್ ಇಂಡೆಕ್ಸ್' ಗೋಡೆ ಎಷ್ಟು ತಡೆಯುತ್ತದೆ ಅನ್ನುವ ಸೂಚ್ಯಂಕ, ದೊಡ್ಡದಿದ್ದಷ್ಟೂ ಒಳ್ಳೆಯದು. 'ನಾರ್ಮಲೈಸ್ಡ್ ಇಂಪ್ಯಾಕ್ಟ್ ಸೌಂಡ್ ಪ್ರೆಶರ್ ಲೆವೆಲ್' ಕೊನೆಗೊಳ್ಳುವುದು ಲೆವೆಲ್‌ನಲ್ಲಿ. ಮೇಲಿನ ಮಹಡಿಯ ನೆಲವನ್ನು ಟ್ಯಾಪಿಂಗ್ ಮೆಶಿನ್ ತನ್ನ 5 ಸುತ್ತಿಗೆಗಳಿಂದ ಬಡಿಯುತ್ತಿರುವಾಗ ಕೆಳಗಿನ ಕೋಣೆಗೆ ಇಳಿದು ಬರುವ ಸದ್ದಿನ ಮಟ್ಟ ಅದು. ಹಾಗಾಗಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಅದೇ ನೆಲವನ್ನೇ ಅಮೆರಿಕದ ಪದ್ಧತಿಯಲ್ಲಿ 'ಇಂಪ್ಯಾಕ್ಟ್ ಇನ್ಸುಲೇಶನ್ ಕ್ಲಾಸ್' ಅಂತ ಅಳೆದರೆ ದೊಡ್ಡದು ಒಳ್ಳೆಯದು. 'ಸೌಂಡ್ ಟ್ರಾನ್ಸ್‌ಮಿಶನ್ ಕ್ಲಾಸ್' ಮಾತ್ರ ದಾರಿ ತಪ್ಪಿಸುತ್ತದೆ. ಟ್ರಾನ್ಸ್‌ಮಿಶನ್ ಅಂತ ಇದ್ದರೂ ಅದು ಟ್ರಾನ್ಸ್‌ಮಿಶನ್ ಲಾಸ್ ನೋಡಿ ಕೊಡುವ ದರ್ಜೆ, 'ಲಾಸ್' ಪದ ಹೆಸರಿನಲ್ಲಿ ಕಾಣುವುದಿಲ್ಲ, ದೊಡ್ಡದೇ ಒಳ್ಳೆಯದು.

ಕಂಪನ:
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಪ್ರತಿಯೊಂದನ್ನೂ ಹೀಗೆ ಬಿಡಿಸುತ್ತಾ ಕೂತರೆ ಒಂದು ಪುಟ ಓದಲು ಇಡೀ ಸಂಜೆ ಬೇಕು. ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಬರುವ ಗಂಟುಗಳು ತೀರಾ ಹೆಚ್ಚಿಲ್ಲ. ಸೌಂಡ್ ಪ್ರೆಶರ್ ಲೆವೆಲ್, ರಿವರ್ಬರೇಶನ್ ಟೈಮ್, ಇಂಪಲ್ಸ್ ರೆಸ್ಪಾನ್ಸ್, ಟ್ರಾನ್ಸ್‌ಫರ್ ಫಂಕ್ಷನ್, ಅಬ್ಸಾರ್ಪ್ಶನ್ ಕೋಎಫಿಶಿಯೆಂಟ್, ಬ್ಯಾಕ್‌ಗ್ರೌಂಡ್ ನಾಯ್ಸ್, ಸೆಂಟರ್ ಫ್ರೀಕ್ವೆನ್ಸಿ. ಇವನ್ನು ಒಂದೊಂದೇ ಪದ ಅಂತ ತಲೆಯಲ್ಲಿ ಕೂರಿಸಿಕೊಳ್ಳಿ. ಆಗ 'ರೂಮ್ ಇಂಪಲ್ಸ್ ರೆಸ್ಪಾನ್ಸ್ ಮೆಶರ್‌ಮೆಂಟ್' ನಾಲ್ಕು ಪದದ ಸರ ಆಗಿ ಉಳಿಯುವುದಿಲ್ಲ, ಮೂರು ತುಂಡು ಆಗುತ್ತದೆ. ರೂಮಿನ, ಇಂಪಲ್ಸ್ ರೆಸ್ಪಾನ್ಸಿನ, ಅಳತೆ. ರೂಮಿನ ಇಂಪಲ್ಸ್ ಅಲ್ಲ, ಇಂಪಲ್ಸಿಗೆ, ಅಂದರೆ ಚಪ್ಪಾಳೆಯಂಥ ಕ್ಷಣದ ಸದ್ದಿಗೆ, ರೂಮ್ ಕೊಡುವ ಉತ್ತರ. ಗಂಟು ಮೊದಲೇ ಗೊತ್ತಿದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಇನ್ನೊಂದು ಮಾತು. ಎಲ್ಲವೂ ತತ್ಪುರುಷ ಅಲ್ಲ. ಎರಡು ಹಲಗೆ, ನಡುವೆ ಗಾಳಿ ಇರುವ ಗೋಡೆಯಲ್ಲಿ 'ಮಾಸ್-ಏರ್-ಮಾಸ್ ರೆಸೊನೆನ್ಸ್' ಅಂತ ಬರುತ್ತದೆ. ಹೈಫನ್‌ಗಳ ನಡುವೆ ಇರುವುದು ಶುದ್ಧ ದ್ವಂದ್ವ, ಮಾಸೂ ಏರೂ ಮಾಸೂ. ಎರಡು ಭಾರ, ನಡುವೆ ಸ್ಪ್ರಿಂಗಿನ ಕೆಲಸ ಮಾಡುವ ಗಾಳಿ. ಅಲ್ಲಿ ಯಾವುದೂ ಯಾವುದಕ್ಕೂ ಯಜಮಾನ ಅಲ್ಲ, ಗೋಡೆಯಲ್ಲಿ ಅವು ನಿಂತಿರುವ ಸಾಲಿನಲ್ಲೇ ಪದಗಳೂ ನಿಂತಿವೆ. ನಡುವಿನ ಅಂತರ ಹೆಚ್ಚಿಸಿದರೆ ಆ ರೆಸೊನೆನ್ಸ್ ತಗ್ಗು ಫ್ರೀಕ್ವೆನ್ಸಿಗೆ ಇಳಿಯುತ್ತದೆ. ಹೆಸರಿನಲ್ಲೇ ಗೋಡೆಯ ಚಿತ್ರ ಇದೆ ಅಂತ ನನಗೆ ಇದು ಬಹಳ ಇಷ್ಟ.

ಪಾಠದಮನೆ:
ಕಂಪನ ಅವರೇ, ದ್ವಂದ್ವದ ಉದಾಹರಣೆ ತುಂಬಾ ಚೆನ್ನಾಗಿದೆ. ಗಂಟುಗಳನ್ನು ಬಾಯಿಪಾಠ ಮಾಡಬೇಕು ಅನ್ನುವುದಕ್ಕೂ ನನ್ನ ತಕರಾರಿಲ್ಲ. ಆದರೆ ಒಂದು ಸಲವಾದರೂ ಬಿಚ್ಚಿ ನೋಡಿದ ಮೇಲೆ ಮಾಡಲಿ. ಇಲ್ಲದಿದ್ದರೆ 'ನಾಯ್ಸ್ ರಿಡಕ್ಷನ್ ಕೋಎಫಿಶಿಯೆಂಟ್' ಥರದ್ದು ಕೈಕೊಡುತ್ತದೆ. ಹೆಸರು ಕೇಳಿದರೆ ಪಕ್ಕದ ಕೋಣೆಗೆ ಹೋಗುವ ಗದ್ದಲ ಎಷ್ಟು ಕಡಿಮೆಯಾಗುತ್ತದೆ ಅನ್ನುವ ಅಂಕಿ ಅನ್ನಿಸುತ್ತದೆ. ಅದಲ್ಲ. ಅದು ವಸ್ತು ಸದ್ದನ್ನು ಹೀರಿಕೊಳ್ಳುವ ಗುಣಾಂಕ, 250, 500, 1000, 2000 ಹರ್ಟ್ಸ್‌ಗಳಲ್ಲಿ ಅಳೆದದ್ದರ ಸರಾಸರಿ, ಹತ್ತಿರದ 0.05ಕ್ಕೆ ಹೊಂದಿಸಿದ್ದು. ಮೆತ್ತನೆಯ ಹಗುರ ಪ್ಯಾನೆಲ್ ಒಂದರ ಈ ಅಂಕಿ 0.90 ಇರಬಹುದು, ಅದೇ ಪ್ಯಾನೆಲ್ ಗೋಡೆಯಾಗಿ ನಿಂತರೆ ಸದ್ದನ್ನು ತಡೆಯುವುದು ತೀರಾ ಕಡಿಮೆ. ಹೀರುವುದು ಬೇರೆ, ತಡೆಯುವುದು ಬೇರೆ. ಹೆಸರನ್ನು ನಂಬಿ ಸಾಮಾನು ತರಿಸಿದವರಿಗೆ ಇದು ದುಬಾರಿ ಪಾಠ.

ಹಳೆಯದೊಂದು ಉದಾಹರಣೆಯನ್ನೂ ಹೇಳಬೇಕು. ಅಮೆರಿಕದ ಭೌತವಿಜ್ಞಾನಿ ವ್ಯಾಲೇಸ್ ಸಬೀನ್ 1895ರಲ್ಲಿ ಹಾರ್ವರ್ಡಿನ ಫಾಗ್ ಮ್ಯೂಸಿಯಂ ಉಪನ್ಯಾಸ ಕೊಠಡಿಯಲ್ಲಿ ಮಾತು ಸ್ಪಷ್ಟವಾಗಿ ಕೇಳಿಸದ ತೊಂದರೆ ಸರಿಪಡಿಸಲು ಕೂತಾಗ, ಸೀಟಿನ ಮೆತ್ತೆಗಳನ್ನು ತಂದು ಹಾಕುತ್ತಾ ತೆಗೆಯುತ್ತಾ ಸದ್ದು ಆರಲು ಎಷ್ಟು ಹೊತ್ತು ಬೇಕು ಅಂತ ಅಳೆಯುತ್ತಿದ್ದರು. ಮುಂದೆ ಹೀರುವಿಕೆಯನ್ನು ಅವರು ಲೆಕ್ಕ ಹಾಕಿದ್ದು ತೆರೆದ ಕಿಟಕಿಯ ವಿಸ್ತೀರ್ಣದಲ್ಲಿ, 'ಓಪನ್-ವಿಂಡೋ ಯೂನಿಟ್' ಅಂತ. ಓಪನ್ ಇರುವುದು ಕಿಟಕಿ, ಯೂನಿಟ್ ಅಲ್ಲ. ಕಿಟಕಿಯಿಂದ ಹೊರಗೆ ಹೋದ ಸದ್ದು ವಾಪಸ್ ಬರುವುದಿಲ್ಲ, ಅಂದರೆ ಪೂರ್ತಿ ಹೀರಿದಂತೆ. ಆ ಒಂದು ಹೈಫನ್ ಇದ್ದರೆ ಓದುವವರಿಗೆ ಅನುಮಾನವೇ ಬರುವುದಿಲ್ಲ.

ತಿದ್ದುವವಳು:
ಹೈಫನ್ ಮಾತು ಬಂದಿದ್ದಕ್ಕೆ ನಾನೂ ಬರೆಯುತ್ತೇನೆ. ತಾಂತ್ರಿಕ ಲೇಖನ ತಿದ್ದುವುದು ನನ್ನ ಕೆಲಸ, ನಮ್ಮವರು ಬರೆದದ್ದರಲ್ಲಿ ಪದೇ ಪದೇ ಎಡವುವ ಜಾಗಗಳು ಇವು.

ನಾಮಪದದ ಎಡಗಡೆ ನಿಂತು ವಿಶೇಷಣದ ಕೆಲಸ ಮಾಡುವ ಜೋಡಿಗೆ ಹೈಫನ್ ಹಾಕಿ. 'ಲೋ-ಫ್ರೀಕ್ವೆನ್ಸಿ ನಾಯ್ಸ್' ಅಂತ ಬರೆದರೆ ಲೋ ಇರುವುದು ಫ್ರೀಕ್ವೆನ್ಸಿ ಅಂತ ಖಚಿತ. ಹೈಫನ್ ಇಲ್ಲದಿದ್ದರೆ ಗದ್ದಲವೇ ಕಡಿಮೆ ಅಂತಲೂ ಓದಬಹುದು. ಅದೇ ಜೋಡಿ ನಾಮಪದದ ಬಲಗಡೆಗೆ ಹೋದಾಗ, 'ನಾಯ್ಸ್ ಅಟ್ ಲೋ ಫ್ರೀಕ್ವೆನ್ಸೀಸ್' ಅನ್ನುವಲ್ಲಿ, ಹೈಫನ್ ಬೇಡ. 'ಲೋ-ನಾಯ್ಸ್ ಮೈಕ್ರೊಫೋನ್' ಇನ್ನೂ ಬೇರೆ, ತನ್ನದೇ ಸ್ವಂತ ಗದ್ದಲ ಕಡಿಮೆ ಇರುವ ಮೈಕ್.

ಎಡಗಡೆಯ ನಾಮಪದ ಸಾಮಾನ್ಯವಾಗಿ ಏಕವಚನ. ಮೀಟರ್ ನೂರು ಲೆವೆಲ್ ಅಳೆದರೂ ಅದು 'ಲೆವೆಲ್ಸ್ ಮೀಟರ್' ಆಗುವುದಿಲ್ಲ. '10-ಡೆಸಿಬೆಲ್ ಡ್ರಾಪ್' ಸರಿ, '10-ಡೆಸಿಬೆಲ್ಸ್ ಡ್ರಾಪ್' ತಪ್ಪು. ಬಿಚ್ಚಿ ಬರೆದಾಗ ಮಾತ್ರ 'ಡ್ರಾಪ್ ಆಫ್ 10 ಡೆಸಿಬೆಲ್ಸ್'. 'ಅಕೂಸ್ಟಿಕ್ಸ್ ಲ್ಯಾಬೊರೇಟರಿ' ಅನ್ನುವಲ್ಲಿ ಕೊನೆಯ ಎಸ್ ಉಳಿಯುತ್ತದೆ, ಏಕೆಂದರೆ ಅದು ಬಹುವಚನ ಅಲ್ಲ, ವಿಷಯದ ಹೆಸರು.

ಇಂಗ್ ಮತ್ತು ಎಡ್ ತೀರಾ ಮುಖ್ಯ. ಹೈಫನ್ ಜೋಡಿಯಲ್ಲಿ ಇಂಗ್ ಇದ್ದರೆ ಮುಖ್ಯಪದವೇ ಆ ಕೆಲಸ ಮಾಡುತ್ತದೆ, 'ಸೌಂಡ್-ಅಬ್ಸಾರ್ಬಿಂಗ್ ಪ್ಯಾನೆಲ್' ಸದ್ದನ್ನು ಹೀರುವ ಪ್ಯಾನೆಲ್. ಎಡ್ ಥರದ ರೂಪ ಇದ್ದರೆ ಮುಖ್ಯಪದದ ಮೇಲೆ ಕೆಲಸ ನಡೆದಿದೆ, 'ನಾಯ್ಸ್-ಇಂಡ್ಯೂಸ್ಡ್ ಹಿಯರಿಂಗ್ ಲಾಸ್' ಗದ್ದಲದಿಂದ ಉಂಟಾದ ಕಿವುಡು. 'ಸ್ಟ್ರಕ್ಚರ್-ಬೋರ್ನ್ ಸೌಂಡ್' ಕೂಡ ಅದೇ ಜಾತಿ, ಕಟ್ಟಡದ ಮೈ ಹೊತ್ತು ತಂದ ಸದ್ದು. ಹೈಫನ್ ಇಲ್ಲದ ಒಂಟಿ ಇಂಗ್‌ಗೆ ಮಾತ್ರ ಎರಡು ಮುಖ. 'ವೈಬ್ರೇಟಿಂಗ್ ಸ್ಟ್ರಿಂಗ್' ಕಂಪಿಸುತ್ತಿರುವ ತಂತಿ, ಆದರೆ 'ಲಿಸನಿಂಗ್ ರೂಮ್' ಕೇಳುತ್ತಿರುವ ಕೋಣೆ ಅಲ್ಲ, ಕೇಳುವುದಕ್ಕಾಗಿ ಇರುವ ಕೋಣೆ.

ಎಷ್ಟು ಪದ ಜೋಡಿಸಬಹುದು ಅಂದರೆ, ಮೂರು ಸಲೀಸು, ನಾಲ್ಕು ಎಚ್ಚರಿಕೆಯಿಂದ. 'ಸೀಲಿಂಗ್ ಟೈಲ್ ಸೌಂಡ್ ಅಬ್ಸಾರ್ಪ್ಶನ್ ಕೋಎಫಿಶಿಯೆಂಟ್ ಮೆಶರ್‌ಮೆಂಟ್ ಪ್ರೊಸೀಜರ್' ಅಂತ ಬರೆದವರಿಗೆ ಮಾತ್ರ ಅರ್ಥ ಆಗುತ್ತದೆ. ಅದನ್ನು 'ಪ್ರೊಸೀಜರ್ ಫಾರ್ ಮೆಶರಿಂಗ್ ದ ಸೌಂಡ್ ಅಬ್ಸಾರ್ಪ್ಶನ್ ಕೋಎಫಿಶಿಯೆಂಟ್ ಆಫ್ ಸೀಲಿಂಗ್ ಟೈಲ್ಸ್' ಅಂತ ಒಡೆಯಿರಿ. ನಡುವಿನ ಗಂಟು ಹಾಗೇ ಉಳಿಯಿತು, ಅಂಚಿನ ಪದಗಳಷ್ಟೇ ಬಿಡಿಯಾದವು. ಒಡೆಯುವಾಗ ಗಂಟಿನ ಮೇಲೆ ಕತ್ತರಿ ಆಡಿಸಬಾರದು.

ಅಲೆಗಾರ:
ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಪದಗಳನ್ನು ಹಿಂದುಮುಂದು ಮಾಡಿ ನೋಡುವುದು ಒಳ್ಳೆಯ ಅಭ್ಯಾಸ. 'ನಾಯ್ಸ್ ಟೆಸ್ಟ್' ಗದ್ದಲವನ್ನು ಪರೀಕ್ಷಿಸುವುದು, 'ಟೆಸ್ಟ್ ನಾಯ್ಸ್' ಪರೀಕ್ಷೆಗಾಗಿ ಬೇಕೆಂದೇ ಹಾಕುವ ಗದ್ದಲ, ಪಿಂಕ್ ನಾಯ್ಸ್ (ಜಲಪಾತದಂತೆ ಮೊರೆಯುವ ಸದ್ದು) ಥರದ್ದು. 'ಸೋರ್ಸ್ ರೂಮ್' ಸೋರ್ಸ್ ಇಟ್ಟಿರುವ ಕೋಣೆ, 'ಸೌಂಡ್ ಸೋರ್ಸ್' ಸದ್ದಿನ ಮೂಲ. ಹೀಗೆ ಜೋಡಿ ಜೋಡಿಯಾಗಿ ಬರೆದಿಟ್ಟುಕೊಂಡರೆ ಬಲತುದಿ ಹಿಡಿಯುವುದು ರೂಢಿಯಾಗುತ್ತದೆ.

ಕಂಪನ:
ಬಾಯಿಂದ ಹೇಳುವಾಗಲೂ ಗಮನ ಇರಲಿ. 'ಲೌಡ್‌ಸ್ಪೀಕರ್' ಒಂದೇ ಪದ, ಒತ್ತು ಮೊದಲ ಭಾಗದ ಮೇಲೆ, ಅದು ಉಪಕರಣ. 'ಲೌಡ್ ಸ್ಪೀಕರ್' ಎರಡು ಪದ, ಎರಡನೆಯದರ ಮೇಲೂ ಒತ್ತು, ಆಗ ಅದು ಜೋರಾಗಿ ಮಾತಾಡುವ ಮನುಷ್ಯ. ನಾವು ಎಲ್ಲ ಪದಕ್ಕೂ ಸಮನಾಗಿ ಒತ್ತು ಕೊಟ್ಟು ಓದುತ್ತೇವಲ್ಲ, ಕೇಳುವವರಿಗೆ ಗಂಟು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಪ್ರೆಸೆಂಟೇಶನ್ ಕೊಡುವ ಮೊದಲು ನಾಲ್ಕು ಮುಖ್ಯ ಸರಗಳನ್ನಾದರೂ ಗಟ್ಟಿಯಾಗಿ ಓದಿಕೊಳ್ಳಿ.

ಹೊಸಕಿವಿ:
ಒಂದು ನಾನೇ ಬಿಡಿಸಿದ್ದೇನೆ, ನೋಡಿ ಹೇಳಿ. 'ರಿಸೀವಿಂಗ್ ರೂಮ್ ರಿವರ್ಬರೇಶನ್ ಟೈಮ್ ಕರೆಕ್ಷನ್'. ಯಜಮಾನ ಕರೆಕ್ಷನ್. ರಿವರ್ಬರೇಶನ್ ಟೈಮ್ ಒಂದು ಗಂಟು, ರಿಸೀವಿಂಗ್ ರೂಮ್ ಇನ್ನೊಂದು. ಸದ್ದು ಬಂದು ಸೇರುವ ಕೋಣೆಯ ರಿವರ್ಬರೇಶನ್ ಟೈಮಿಗೆ ತಕ್ಕಂತೆ ಮಾಡುವ ಹೊಂದಾಣಿಕೆ. ಟೈಮ್ ಅನ್ನು ತಿದ್ದುವುದು ಅಂತಲೂ ಓದಬಹುದಿತ್ತು, ಆದರೆ ಕೋಣೆಯ ಟೈಮ್ ಅಳೆದಾಗಿದೆ, ತಿದ್ದಬೇಕಿರುವುದು ಲೆವೆಲ್ ವ್ಯತ್ಯಾಸವನ್ನು, ಅಲ್ವಾ?

ಅಳತೆಗೋಲು:
ಸರಿಯಾಗಿದೆ. ಎರಡು ಕೋಣೆಗಳ ಲೆವೆಲ್ ವ್ಯತ್ಯಾಸಕ್ಕೆ ಸೇರಿಸುವ ಅಂಕಿ ಅದು. ಮನೆಗಳಲ್ಲಿ ಹೋಲಿಕೆಗೆ ಇಟ್ಟುಕೊಂಡಿರುವ ಟೈಮ್ 0.5 ಸೆಕೆಂಡ್. ನಿಮ್ಮ ಕೋಣೆಯಲ್ಲಿ 1 ಸೆಕೆಂಡ್ ಬಂದರೆ 3 ಡೆಸಿಬೆಲ್ ಸೇರಿಸುತ್ತೀರಿ, ಏಕೆಂದರೆ ಖಾಲಿ ಕೋಣೆ ಸದ್ದನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಂಡು ಗೋಡೆಯನ್ನು ಇರುವುದಕ್ಕಿಂತ ಕಳಪೆಯಾಗಿ ತೋರಿಸಿರುತ್ತದೆ. ಹಾಗೆ ಹೊಂದಿಸಿದ ಮೇಲೆ ಸಿಗುವುದಕ್ಕೆ 'ಸ್ಟ್ಯಾಂಡರ್ಡೈಸ್ಡ್ ಲೆವೆಲ್ ಡಿಫರೆನ್ಸ್' ಅಂತ ಹೆಸರು. ಇಲ್ಲಿ ಸ್ಟ್ಯಾಂಡರ್ಡೈಸ್ಡ್ ಯಾವುದಕ್ಕೆ ಅಂಟಿದೆ, ಲೆವೆಲ್‌ಗೋ ಡಿಫರೆನ್ಸ್‌ಗೋ, ಬಿಡಿಸಿ ಹಾಕಿ. ನಿಮ್ಮ ರಿಪೋರ್ಟಿನಲ್ಲಿ ಸಿಕ್ಕುವ ಉಳಿದ ಸರಗಳನ್ನೂ ಇಲ್ಲೇ ಬರೆಯಿರಿ, ಒಟ್ಟಿಗೆ ನೋಡೋಣ.

ಹೊಸಕಿವಿ:
ಡಿಫರೆನ್ಸ್‌ಗೆ. ಲೆವೆಲ್‌ಗಳನ್ನು ಅಳೆದ ಹಾಗೇ ಇಟ್ಟು ಕಳೆಯುತ್ತೇವೆ, 0.5 ಸೆಕೆಂಡಿಗೆ ಹೊಂದಿಸುವುದು ಆ ವ್ಯತ್ಯಾಸವನ್ನು. ಮುಂದಿನ ಪಟ್ಟಿ ನಾಳೆ ಹಾಕುತ್ತೇನೆ, ಅದರಲ್ಲಿ 'ಹೆಡ್-ರಿಲೇಟೆಡ್ ಟ್ರಾನ್ಸ್‌ಫರ್ ಫಂಕ್ಷನ್' ಮೊದಲಿಗೆ ಇರುತ್ತದೆ.